ಓಣಿ ಆರಿಸಿದವಳು

ಡಂಬಳ
12 ಜನವರಿ 2025

ಶಾಂಭವಿಗೆ,

ಫೋನ್ ಇರುವಾಗ ಮಾಮಾ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಫೋನ್ ಮಾಡಿದರೆ ಇಂಚರಾ ನಿನ್ನ ಕೈಯಿಂದ ಕಸಿದುಕೊಂಡು ಅಳುತ್ತಾಳೆ, ಆಮೇಲೆ ಉಣ್ಣುವುದಿಲ್ಲ. ಮೆಸೇಜ್ ಹಾಕಿದರೆ ಓದಿ ಊರಿಗೆಲ್ಲ ಡಂಗುರ ಸಾರುತ್ತಾಳೆ. ನನ್ನ ಕೋಳಿಕಾಲಿನ ಅಕ್ಷರ ಮಾತ್ರ ಅವಳಿಗೆ ಇನ್ನೂ ದಕ್ಕುವುದಿಲ್ಲ.

ಕಂಪನಿಯವರು ನನ್ನನ್ನು ಗಾಳಿ ಫ್ಯಾನಿನ ಕಂಬದಿಂದ ಕೊನೆಗೂ ಇಳಿಸಿದರು. ಗುಡ್ಡದ ಮೇಲಿನ ರಿಪೇರಿ ಕೆಲಸ ಸಾಕು, ಏಪ್ರಿಲ್‌ನಿಂದ ಗದಗಿನ ಆಫೀಸಿನಲ್ಲಿ ಕುಳಿತು ಮಾಡು ಎಂದಿದ್ದಾರೆ. ನಿನ್ನ ಅಕ್ಕ ಸಪ್ನಾ ತೀರಿಹೋದ ಮೇಲೆ ಮೂರು ವರ್ಷ ನನ್ನ ಮಗಳನ್ನು ನೀನು ಮತ್ತು ಸುಮಿತ್ರವ್ವ ಅತ್ತೆ ಸಾಕಿದಿರಿ. ಡಂಬಳದ ಒಂದೇ ಕೋಣೆಯಲ್ಲಿ, ಹೊತ್ತು ಗೊತ್ತಿಲ್ಲದ ಕೆಲಸದಲ್ಲಿ ನಾನು ಅವಳನ್ನು ಇಟ್ಟುಕೊಳ್ಳುವುದು ಆಗುತ್ತಿರಲಿಲ್ಲ. ಈಗ ಗದಗ-ಬೆಟಗೇರಿಯಲ್ಲಿ ಮನೆ ಮಾಡಿ, ಜೂನ್ ಹೊತ್ತಿಗೆ ಅಲ್ಲಿಯೇ ಒಳ್ಳೆಯ ಶಾಲೆಗೆ ಹಾಕಬೇಕೆಂದಿದ್ದೇನೆ.

ಆದರೆ ಯಾವ ಕಡೆ ಮನೆ ಹಿಡಿಯಬೇಕು? ನನಗೆ ಬೋಲ್ಟು ಬಿಗಿಯುವುದು ಗೊತ್ತು, ಶಾಲೆ ಆರಿಸುವುದು ಗೊತ್ತಿಲ್ಲ. ಮಗುವಿಗೆ ಏನು ಬೇಕು ಎಂಬುದು ನನಗಿಂತ ನಿನಗೆ ಗೊತ್ತು. ನೀನು ಹೂಂ ಅಂದ ಕಡೆಯೇ ಮನೆ. ಇಂಚರಾಗೆ ಸದ್ಯ ಹೇಳಬೇಡ.

ವೀರು


ಲಕ್ಷ್ಮೇಶ್ವರ
20 ಜನವರಿ 2025

ಮಾಮಾ ಅವರಿಗೆ ಶಾಂಭವಿಯ ನಮಸ್ಕಾರ.

ನಿಮ್ಮ ಅಕ್ಷರ ನನಗೂ ದಕ್ಕಲಿಲ್ಲ, ಎರಡು ಸಲ ಓದಿದೆ. ಕಂಬದಿಂದ ಇಳಿದದ್ದು ಒಳ್ಳೆಯದಾಯಿತು. ಅವ್ವನಿಗೆ ಹೇಳಿದೆ, ದೇವರ ಮುಂದೆ ಕಾಯಿ ಒಡೆದಳು. ಆಮೇಲೆ ಒಲೆಯ ಮುಂದೆ ಕುಳಿತು ಅತ್ತಳು. ಮಗು ಹೋಗುತ್ತದಲ್ಲ ಎಂಬ ದುಃಖವಿರಬೇಕು.

ಶಾಲೆ ಎಂದರೆ ಬೋರ್ಡು ನೋಡಿ ಮರುಳಾಗಬೇಡಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಸುಮ್ಮನೆ ನಿಲ್ಲಿ. ಮಕ್ಕಳು ಓಡಿ ಬರುತ್ತವೋ, ತಲೆ ತಗ್ಗಿಸಿ ಬರುತ್ತವೋ ನೋಡಿ. ಪಾಯಖಾನೆಯಲ್ಲಿ ನೀರಿದೆಯೇ ಕೇಳಿ. ನಿಮ್ಮ ಮಗಳು ನಾಚಿಕೆಯ ಗಂಟು, ಬೇಕು ಎಂದು ಬಾಯಿ ಬಿಡುವುದಿಲ್ಲ, ದಿನವಿಡೀ ತಡೆದುಕೊಂಡು ಹೊಟ್ಟೆ ನೋಯಿಸಿಕೊಳ್ಳುತ್ತಾಳೆ. ನಾಯಿ ಕಂಡರೆ ಹೆದರಿ ಜೀವ ಬಿಡುತ್ತಾಳೆ.

ಇನ್ನು ಓಣಿ. ಶಾಲೆ ನಾಲ್ಕೈದು ತಾಸಿನದು, ಉಳಿದ ಹೊತ್ತೆಲ್ಲ ಓಣಿಯದು. ಬಾಗಿಲು ತೆರೆದಿಟ್ಟ ಮನೆಗಳಿರುವ ಓಣಿ ನೋಡಿ. ಮೂರು ಕಡೆಯಾದರೂ ನೋಡಿ ಬರೆಯಿರಿ, ಅವಸರ ಮಾಡಬೇಡಿ.

ಶಾಂಭವಿ


ಡಂಬಳ
9 ಫೆಬ್ರವರಿ 2025

ಶಾಂಭವಿಗೆ,

ನೀನು ಹೇಳಿದಂತೆ ಶಾಲೆಗಳ ಗೇಟಿನಲ್ಲಿ ನಿಂತೆ. ಒಂದು ಕಡೆ ವಾಚ್‌ಮನ್ ಬಂದು "ಯಾರ ಕೂಸು ಬೇಕ್ರಿ ನಿಮಗ? ದಿನಾ ಬಂದು ನಿಂದರ್ತೀರಿ" ಎಂದು ಗದರಿದ. ಮಕ್ಕಳ ಕಳ್ಳ ಎಂದುಕೊಂಡಿರಬೇಕು. ನಿನ್ನ ಮಾತು ಕೇಳಿ ಒದೆ ತಿನ್ನುವುದೊಂದು ಬಾಕಿ.

ಹಾತಲಗೇರಿ ನಾಕಾ ಕಡೆ ಹೊಸ ಬಡಾವಣೆ. ರಸ್ತೆ ಅಗಲ, ಶಾಲೆಯ ಬಸ್ಸು ಬಾಗಿಲಿಗೇ ಬರುತ್ತದೆ. ಆದರೆ ಓಣಿಯಲ್ಲಿ ಒಂದು ಮನೆಯ ಬಾಗಿಲೂ ತೆರೆದಿರಲಿಲ್ಲ. ನೀರು ಕೇಳಿದರೆ ಕಿಟಕಿಯಿಂದ ಕೊಟ್ಟರು.

ಮುಳಗುಂದ ನಾಕಾದ ಹಿಂದೆ ಒಂದು ಮನೆ, ಮೇಲಿನ ಮಹಡಿ. ಶಾಲೆ ಕೂಗಳತೆಯಲ್ಲಿದೆ. ಟೀಚರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ, ಮಕ್ಕಳು ಓಡಿಯೇ ಬಂದವು. ಪಾಯಖಾನೆಯಲ್ಲಿ ನೀರಿದೆ, ನಾನೇ ನಳ ತಿರುಗಿಸಿ ನೋಡಿದೆ.

ಬೆಟಗೇರಿಯಲ್ಲಿ ನೇಕಾರರ ಓಣಿಯೊಳಗೆ ಒಂದು ಹಳೆಯ ಮನೆ. ಮುಂದೆ ಕಟ್ಟೆ, ಹಿಂದೆ ಸಣ್ಣ ಅಂಗಳ. ಹಗಲೆಲ್ಲ ಮಗ್ಗದ ಸದ್ದು. ಪಕ್ಕದ ಮನೆಯ ಗುಲ್ನಾಜ ಎಂಬ ಹೆಣ್ಣುಮಗಳು ತಾನೇ ಕರೆದು ಚಹಾ ಕೊಟ್ಟಳು. ಅವಳಿಗೂ ಇಂಚರಾ ವಯಸ್ಸಿನ ಮಗಳಿದ್ದಾಳೆ. ಶಾಲೆ ಮಾತ್ರ ಸ್ವಲ್ಪ ದೂರ, ಆಟೊ ಹತ್ತಿಸಬೇಕು.

ನೀರಿನ ಮಾತು ಮೂರೂ ಕಡೆ ಒಂದೇ, ನಳ ಬಂದ ದಿನವೇ ಹಬ್ಬ. ನನಗೆ ಮುಳಗುಂದ ನಾಕಾ ಸರಿ ಕಾಣುತ್ತದೆ. ನೀನು ಏನನ್ನುತ್ತಿ?

ವೀರು


ಲಕ್ಷ್ಮೇಶ್ವರ
18 ಫೆಬ್ರವರಿ 2025

ಮಾಮಾ,

ವಾಚ್‌ಮನ್ ಕಥೆಯನ್ನು ಅವ್ವನಿಗೆ ಓದಿ ಹೇಳಿದೆ. "ಅಳಿಯಾನ ಮೀಸಿ ನೋಡಿದ್ರ ನಾನೂ ಕಳ್ಳ ಅಂತಿದ್ದೆ" ಎಂದು ನಕ್ಕಳು. ನಮ್ಮ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಹಾತಲಗೇರಿ ನಾಕಾ ಬೇಡ. ಮುಳಗುಂದ ನಾಕಾ ಕೂಡ ನನ್ನ ಮನಸ್ಸಿಗೆ ಬರಲಿಲ್ಲ. ಮೇಲಿನ ಮಹಡಿ ಎಂದರೆ ಮಗು ಪಂಜರದ ಗಿಣಿ. ಹಪ್ಪಳ ಸಂಡಿಗೆ ಒಣಹಾಕಲು ಅಂಗಳವೂ ಇಲ್ಲ.

ಬೆಟಗೇರಿಯ ಮನೆ ಹಿಡಿಯಿರಿ. ಶಾಲೆ ದೂರವಾದರೆ ಏನಾಯಿತು, ಬಿಟ್ಟು ಕರೆತರುವವರು ಇದ್ದರೆ ಮುಗಿಯಿತು. ಅಡುಗೆಮನೆಯ ಕಟ್ಟೆ ನಿಮ್ಮ ಸೊಂಟಕ್ಕೆ ಬರುತ್ತದೋ ಎದೆಗೆ ಬರುತ್ತದೋ ನೋಡಿ ಬರೆಯಿರಿ. ಹಳೆಯ ಮನೆಗಳಲ್ಲಿ ಗಂಡಸರು ಕಟ್ಟಿಸಿದ ಕಟ್ಟೆ, ರೊಟ್ಟಿ ಬಡಿದರೆ ರಟ್ಟೆ ಬಿದ್ದು ಹೋಗುತ್ತವೆ. ಹೊಲಿಗೆ ಯಂತ್ರ ಇಡಲು ಬೆಳಕಿರುವ ಮೂಲೆ ಇದೆಯೇ? ಮಗುವಿನ ಅಂಗಿ ಲಂಗ ಹೊರಗೆ ಕೊಟ್ಟು ಹೊಲಿಸುವ ಚಟ ಹಚ್ಚಬಾರದು.

ಶಾಂಭವಿ


ಡಂಬಳ
16 ಮಾರ್ಚ್ 2025

ಶಾಂಭವಿಗೆ,

ಬರೆಯುವುದು ತಡವಾಯಿತು. ಬೆಟಗೇರಿಯ ಮನೆಗೆ ಹೂಂ ಎಂದು ಬಂದೆ. ಅಡುಗೆಮನೆಯ ಕಟ್ಟೆ ಸೊಂಟದ ಮಟ್ಟಕ್ಕಿದೆ. ಬಾಗಿಲ ಬಲಗಡೆ ಒಳ್ಳೆಯ ಬೆಳಕಿದೆ, ನೀನು ಬಂದಾಗ ಅಲ್ಲಿಯೇ ಹೊಲಿಯಬಹುದು.

ಶಿವರಾತ್ರಿ ಮುಗಿಸಿಕೊಂಡು ನಮ್ಮವ್ವ ನಿಮ್ಮಲ್ಲಿಗೆ ಬಂದು ಎಲ್ಲ ಮಾತಾಡಿಕೊಂಡು ಬಂದಳಂತೆ. "ಅವರು ಭಾಳ ಖುಷಿ ಅದಾರಪಾ" ಎಂದಳು. ಕೇಳಿ ನನ್ನ ಎದೆಯ ಭಾರ ಇಳಿಯಿತು. ನೀವು ಬೇಡ ಅಂದರೆ ಈ ಮದುವೆಗೆ ನಾನು ತಲೆ ಕೊಡುತ್ತಿರಲಿಲ್ಲ. ಈ ವಿಷಯ ನಿನಗೆ ನೇರವಾಗಿ ಬರೆಯಲು ನನಗೆ ಸಂಕೋಚ, ಅದಕ್ಕೇ ಹಿರಿಯರ ಬಾಯಿಂದ ಹೇಳಿಸಿದೆ.

ಇನ್ನೊಂದು ಕೆಲಸ ನಿನ್ನಿಂದಲೇ ಆಗಬೇಕು. ನಮ್ಮಲ್ಲಿ ಎರಡನೆಯವಳ ಕೊರಳಿಗೆ ಮೊದಲನೆಯವಳ ನೆನಪಿನ ಪದಕ ಕಟ್ಟುವ ಪದ್ಧತಿ ನಿನಗೆ ಗೊತ್ತಿದೆ. ಸಪ್ನಾಳ ಬೆಳ್ಳಿಯ ಕಾಲ್ಗೆಜ್ಜೆ ನಿಮ್ಮ ಮನೆಯಲ್ಲಿದೆ. ಅದನ್ನು ಕೊಟ್ಟರೆ ಅದೇ ಬೆಳ್ಳಿಯಲ್ಲಿ ಪದಕ ಮಾಡಿಸುತ್ತೇನೆ. ಮುಖ ಕಾಣುವ ಒಂದು ಫೋಟೊ ಸಹ ಬೇಕು. ನನ್ನ ಬಳಿ ಇರುವ ಫೋಟೊಗಳಲ್ಲಿ ಎಲ್ಲದರಲ್ಲೂ ಅವಳು ಇಂಚರಾಳ ಕಡೆಗೇ ನೋಡುತ್ತಿದ್ದಾಳೆ.

ವೀರು


ಲಕ್ಷ್ಮೇಶ್ವರ
24 ಮಾರ್ಚ್ 2025

ನಿಮಗೆ,

ಏನೆಂದು ಕರೆದು ಶುರುಮಾಡಬೇಕೋ ತಿಳಿಯಲಿಲ್ಲ. ಎರಡು ಹಾಳೆ ಹರಿದು ಹಾಕಿದೆ. ಮಾಮಾ ಎಂದು ಬರೆದು ರೂಢಿಯಾದ ಕೈ.

ಹನಮಂತವ್ವ ಅತ್ತೆ ಬಂದಿದ್ದಾಗ ಮನೆಯ ಮಾತು, ಶಾಲೆಯ ಮಾತು ಆಡಿದರೇ ಹೊರತು ಮದುವೆಯ ಮಾತನ್ನು ಬಾಯಿ ಬಿಟ್ಟು ಆಡಲಿಲ್ಲ. ಕಡಬು ಉಂಡರು, ನನ್ನ ತಲೆ ಸವರಿ ಕಣ್ಣೀರು ಹಾಕಿದರು. ಅಷ್ಟರಲ್ಲೇ ಅವ್ವನಿಗೆ ಎಲ್ಲ ತಿಳಿಯಿತಂತೆ. "ಹಿರಿಯಾರು ಎಲ್ಲಾ ಬಿಚ್ಚಿ ಹೇಳ್ತಾರೇನು? ಅಕ್ಕನ ಮನೀಗೆ ತಂಗಿ ಹೋದ್ರ ಕೂಸಿಗೆ ಮಲತಾಯಿ ಅನ್ನೋ ಮಾತ ಇರೂದಿಲ್ಲ" ಎಂದಳು. ಆದರೂ ನಿಮ್ಮ ಕಾಗದ ಬರುವವರೆಗೆ ನನಗೆ ನಂಬಿಕೆ ಇರಲಿಲ್ಲ. ಈಗ ಬಂತು.

ಕಾಲ್ಗೆಜ್ಜೆ, ಫೋಟೊ ಇದರ ಜೊತೆಗೇ ಕಳಿಸಿದ್ದೇನೆ. ಫೋಟೊದಲ್ಲಿ ಅಕ್ಕ ನೇರ ನೋಡುತ್ತಾಳೆ, ನಾನೇ ತೆಗೆದದ್ದು. ಪದಕ ದೊಡ್ಡದು ಮಾಡಿಸಬೇಡಿ, ನನ್ನ ಕೊರಳು ಸಣ್ಣದು. ಅಕ್ಕನನ್ನು ಎದೆಯ ಮೇಲೆ ಇಟ್ಟುಕೊಂಡು ಅವಳ ಮಗಳನ್ನು ಬೆಳೆಸುತ್ತೇನೆ. ಅವಳ ಜಾಗ ಕಸಿದುಕೊಂಡೆ ಎಂದು ಎಂದೂ ಅನ್ನಿಸದಂತೆ ನೋಡಿಕೊಳ್ಳುತ್ತೇನೆ.

ಹೊಲಿಯಲು ಊರವರ ಹೊಸ ಬಟ್ಟೆ ಹಿಡಿಯುವುದನ್ನು ನಿಲ್ಲಿಸಿದ್ದೇನೆ. ಅವ್ವ ಹಳೆಯ ಸೀರೆಗಳನ್ನು ಹಾಸಿ ಕೌದಿ ಹೊಲಿಯಲು ಕುಳಿತಿದ್ದಾಳೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ನಾನೇ ಬೈದೆ, ಆಮೇಲೆ ನಾನೂ ಸೂಜಿ ಹಿಡಿದೆ. ಒಂದು ಮಾತು ಹೇಳಲೇ, ನಗಬಾರದು. ಬೆಟಗೇರಿಯ ಮನೆಯನ್ನು ನೋಡದೆಯೇ ಅದರ ಕಸ ಗುಡಿಸಿದ್ದೇನೆ, ಕಟ್ಟೆಯ ಮೇಲೆ ಕುಳಿತು ಗುಲ್ನಾಜಳ ಜೊತೆ ಮಾತಾಡಿದ್ದೇನೆ. ನನಗೆ ಬಹಳ ಸಂತೋಷವಾಗಿದೆ.

ನಿಮ್ಮ
ಶಾಂಭವಿ


ಗದಗ
20 ಏಪ್ರಿಲ್ 2025

ಶಾಂಭವಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಜೇಬಿನಲ್ಲಿಯೇ ಇದೆ. ಯುಗಾದಿ ಮುಗಿಯಲಿ, ಬರೆಯುತ್ತೇನೆ ಅಂದುಕೊಂಡೆ. ಯುಗಾದಿಯೂ ಮುಗಿಯಿತು. ನಾನು ಹೇಡಿ.

ಮದುವೆ ನಿನ್ನ ಜೊತೆ ಅಲ್ಲ, ಶಾಂಭವಿ.

ಹೆಣ್ಣಿನ ಹೆಸರು ಪ್ರಿಯಾಂಕಾ, ಶಿರಹಟ್ಟಿಯವಳು. ಮುಳಗುಂದ ನಾಕಾದ ಹತ್ತಿರ ಒಂದು ದವಾಖಾನೆಯಲ್ಲಿ ನರ್ಸು. ಅವ್ವನ ಕಣ್ಣಿನ ಆಪರೇಶನ್ ಆದಾಗ ಪರಿಚಯ. ಮೊದಲ ಗಂಡ ಬಿಟ್ಟವಳು, ಕಷ್ಟ ಕಂಡವಳು. ಜನವರಿಯಲ್ಲೇ ಮಾತಾಗಿತ್ತು. ನಿಮಗೆ ಹೇಳಿ ಒಪ್ಪಿಗೆ ಪಡೆದು ಬಾ ಎಂದು ಅವ್ವನನ್ನು ಕಳಿಸಿದೆ. ನಿನ್ನ ಕಾಗದ ಓದಿ ಹೇಳಿದ ಮೇಲೆ ಅವಳು ಬಾಯಿ ಬಿಟ್ಟಳು: "ನಾ ಹೆಂಗ ಹೇಳ್ಲೆಪಾ? ನಾ ಹೊಸ್ತಿಲಾ ದಾಟೂದ್ರಾಗ ಆ ಹುಡುಗಿ ಕಾಲಿಗೆ ನೀರ ಕೊಟ್ಲು. ಸುಮಿತ್ರವ್ವನ ಮಾರಿ ಅರಳಿತ್ತು. ಕೊಟ್ಟ ಕಡಬು ಉಂಡು ಸುಮ್ಮನ ಬಂದೆ." ಅವರು ಖುಷಿಯಲ್ಲಿದ್ದಾರೆ ಎಂದಷ್ಟೇ ನನಗೆ ಹೇಳಿದ್ದಳು. ಅದು ಸುಳ್ಳಲ್ಲವಲ್ಲ.

ತಪ್ಪನ್ನು ಅವಳ ತಲೆಗೆ ಕಟ್ಟುವುದಿಲ್ಲ. ನೀನು ಬರೆದದ್ದನ್ನೆಲ್ಲ ನಾನು ಮಗುವಿಗಾಗಿ ಬರೆದದ್ದು ಎಂದೇ ಓದಿದೆ. ನೀನು ನನಗೆ ಇನ್ನೂ ಸಪ್ನಾಳ ಮದುವೆಯಲ್ಲಿ ಕಾಲೇಜಿನ ಚೀಲ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ. ಜೊತೆಗೆ, ನಿಜ ಹೇಳುತ್ತೇನೆ, ನೀನು ಬಾಗಿಲಲ್ಲಿ ಬಂದು ನಿಂತರೆ ಒಂದು ಕ್ಷಣ ಸಪ್ನಾಳೇ ನಿಂತ ಹಾಗಾಗುತ್ತದೆ. ಆಮೇಲೆ ಅವಳಲ್ಲ ಎಂದು ಗೊತ್ತಾಗುತ್ತದೆ. ಅದನ್ನು ದಿನಾ ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಈಗ ನೀನು ಹೇಳಿದಂತೆ ಕೇಳುತ್ತೇನೆ. ಒಂದು ಮಾತು ಬರೆ, ಈ ಮದುವೆ ಮುರಿಯುತ್ತೇನೆ. ಇಲ್ಲ, ಮಗುವನ್ನು ನಾನೇ ಇಟ್ಟುಕೊಳ್ಳುತ್ತೇನೆ ಅಂದರೂ ಸೈ, ಅವಳು ಲಕ್ಷ್ಮೇಶ್ವರದಲ್ಲಿಯೇ ಓದಲಿ.

ವೀರು


ಲಕ್ಷ್ಮೇಶ್ವರ
27 ಏಪ್ರಿಲ್ 2025

ಮಾಮಾ ಅವರಿಗೆ,

ಮುರಿಯಬೇಡಿ.

ಒಂದು ಮಾತು ಬರೆ ಎಂದಿರಿ, ಬರೆದೆ. ಒಮ್ಮೆ ಮುರಿದ ಹೆಣ್ಣನ್ನು ಇನ್ನೊಮ್ಮೆ ಮುರಿಯುವ ಪಾಪ ನನ್ನ ಕೈಯಿಂದ ಮಾಡಿಸಬೇಡಿ. ಮದುವೆಯ ಸುದ್ದಿಯನ್ನು ನಿಮ್ಮವ್ವನ ಬಾಯಿಂದ ಹೇಳಿಸಹೋದಿರಿ, ಮುರಿಯುವುದನ್ನು ನನ್ನ ಬಾಯಿಂದ ಹೇಳಿಸಬೇಕೆಂದಿರಿ. ನಿಮ್ಮದು ಅಂತ ಬಾಯಿ ಇಲ್ಲವೇನು? ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಬರಬೇಕು, ಬಂದಿದೆ.

ಅವ್ವ ಎರಡು ದಿನ ಮಲಗಿದಲ್ಲಿಂದ ಏಳಲಿಲ್ಲ. ಎದ್ದವಳೇ "ಕೂಸನ್ನ ಕೊಡೂದಿಲ್ಲ ಅಂತ ಬರಿ. ಹೆತ್ತವರಿಗಿಂತ ಸಾಕಿದವರ ಹಕ್ಕ ದೊಡ್ಡದು" ಎಂದಳು. ನಾನೂ ಹಾಗೆಯೇ ಬರೆಯಲು ಕುಳಿತೆ. ಇಂಚರಾ ಇಲ್ಲದ ಮನೆಯಲ್ಲಿ ನಾನು ಬೆಳಿಗ್ಗೆ ಯಾಕೆ ಏಳಬೇಕು ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಏನೆಂದು ಈಗ ತಿಳಿಯಿತು.

ಆದರೆ ಪಕ್ಕದ ಮನೆಯ ಅನ್ನಪೂರ್ಣವ್ವ ಬಾಯಿ ತಡೆಯದೆ ಗದಗಿಗೆ ಹೋಗುವ ಸುದ್ದಿಯನ್ನು ಮಗುವಿನ ಮುಂದೆ ಆಡಿಬಿಟ್ಟಿದ್ದಾಳೆ. ಅಂದಿನಿಂದ ಇವಳು ನೆಲದ ಮೇಲೆ ಕಾಲಿಟ್ಟಿಲ್ಲ. ಪಾಟೀಚೀಲ ತುಂಬುತ್ತಾಳೆ, ತೆಗೆಯುತ್ತಾಳೆ. "ಅಪ್ಪ ದಿನಾ ಮನೀಗೆ ಬರ್ತಾನ? ಖರೇನ?" ಎಂದು ಕೇಳುತ್ತಾಳೆ. ನಿಮ್ಮ ಫೋನು ಇಟ್ಟ ಮೇಲೆ ಅವಳು ಯಾಕೆ ಉಣ್ಣುತ್ತಿರಲಿಲ್ಲ ಎಂಬುದು ಗೊತ್ತಿದ್ದೂ ಅವಳನ್ನು ಇಲ್ಲಿಟ್ಟುಕೊಂಡರೆ ಅದು ಪ್ರೀತಿ ಅಲ್ಲ, ನನ್ನ ಹಟ. ಕರೆದುಕೊಂಡು ಹೋಗಿ.

ಇನ್ನು ಮನೆ. ಬೆಟಗೇರಿಯ ಮನೆ ಬಿಟ್ಟುಬಿಡಿ. ಅದನ್ನು ನಾನು ಮಗುವಿಗೆಂದು ಆರಿಸಲಿಲ್ಲ, ನನಗೆಂದು ಆರಿಸಿದ್ದೆ. ಹೊಲಿಗೆ ಯಂತ್ರಕ್ಕೆ ಬೆಳಕು ಬೇಕಾಗಿದ್ದು ನನಗೆ. ಹೊತ್ತು ಕಳೆಯಲು ಕಟ್ಟೆ ಬೇಕಾಗಿದ್ದು ನನಗೆ. ಶಾಲೆಗೆ ಬಿಟ್ಟು ಕರೆತರುವವಳೂ ನಾನೇ ಎಂದುಕೊಂಡಿದ್ದೆ. ಈಗ ನೀವಿಬ್ಬರೂ ಕೆಲಸಕ್ಕೆ ಹೋದರೆ ಮಗು ಆಟೊದಲ್ಲಿ ಬಂದು ಬೀಗ ಹಾಕಿದ ಬಾಗಿಲಲ್ಲಿ ಕೂರಬೇಕೇ?

ಮುಳಗುಂದ ನಾಕಾದ ಮನೆ ಖಾಲಿ ಇದ್ದರೆ ಇವತ್ತೇ ಹೋಗಿ ಹಿಡಿಯಿರಿ. ಶಾಲೆ ಕೂಗಳತೆಯಲ್ಲಿದೆ ಎಂದಿದ್ದಿರಿ, ಪ್ರಿಯಾಂಕಾ ಅವರ ದವಾಖಾನೆಯೂ ಅಲ್ಲಿಯೇ. ಶಾಲೆ ಬಿಟ್ಟರೆ ಮಗು ನಡೆದು ಅವರ ಹತ್ತಿರ ಹೋಗಬಹುದು. ಟೀಚರು ಹೆಸರು ಹಿಡಿದು ಕರೆಯುತ್ತಾರೆ, ಮಕ್ಕಳು ಓಡಿ ಬರುತ್ತವೆ ಎಂದು ನೀವೇ ಬರೆದಿದ್ದಿರಿ. ನಾನು ಓದಿಯೂ ಓದದವಳ ಹಾಗೆ ಮಾಡಿದೆ. ಮೇಲಿನ ಮಹಡಿಯಾದರೆ ನಾಯಿಯ ಭಯವೂ ಇಲ್ಲ. ಹಪ್ಪಳವನ್ನು ನಾನು ಇಲ್ಲಿಂದ ಕಳಿಸುತ್ತೇನೆ.

ಶಾಂಭವಿ


ಗದಗ
8 ಮೇ 2025

ಶಾಂಭವಿಗೆ,

ಮುಳಗುಂದ ನಾಕಾದ ಮನೆ ಸಿಕ್ಕಿತು. ಶಾಲೆಯಲ್ಲಿ ಮೂರನೆಯ ತರಗತಿಗೆ ಹೆಸರು ಹಚ್ಚಿಸಿದೆ.

ನಿನ್ನ ಕೊನೆಯ ಎರಡೂ ಕಾಗದಗಳನ್ನು ಪ್ರಿಯಾಂಕಾಗೆ ತೋರಿಸಿದೆ. ಮುಚ್ಚಿಟ್ಟು ಇನ್ನೊಂದು ಸಂಸಾರ ಶುರುಮಾಡುವುದು ಬೇಡ ಅನ್ನಿಸಿತು. ಎರಡನ್ನೂ ಕೊನೆಯವರೆಗೆ ಓದಿದಳು. ಆಮೇಲೆ "ಆ ಪದಕ ನಾ ಹೆಂಗ ಕಟ್ಕೊಳ್ಳಲಿ? ಅಕಿ ತನ್ನ ಕೊರಳಿನ ಅಳತಿ ಹೇಳ್ಯಾಳಲ್ಲ" ಎಂದು ಅತ್ತಳು. ನೀವು ಅವಳಿಗೆ ಉಡಿ ತುಂಬಿ ಮಗಳೆಂದು ಒಪ್ಪಿದರೆ ಮಾತ್ರ ಕಟ್ಟಿಕೊಳ್ಳುತ್ತಾಳಂತೆ. ಇಲ್ಲವಾದರೆ ದೇವರ ಮಾಡದಲ್ಲಿ ಇಡುತ್ತಾಳಂತೆ.

ಮದುವೆ ಮುಂದಿನ ವಾರ, ಮನೆಮಟ್ಟಿಗೆ. ನೀವು ಬರುವುದು ಬೇಡ, ನಾನು ಕರೆಯುವ ಮುಖ ಇಟ್ಟುಕೊಂಡಿಲ್ಲ. 25ಕ್ಕೆ ಇಬ್ಬರೂ ಬಂದು ಮಗುವನ್ನು ಕರೆದುಕೊಂಡು ಹೋಗುತ್ತೇವೆ.

ವೀರು


ಲಕ್ಷ್ಮೇಶ್ವರ
27 ಮೇ 2025

ಮಾಮಾ ಅವರಿಗೆ,

ನೀವು ಹೋಗಿ ಎರಡು ದಿನವಾಯಿತು. ಇಂಚರಾ ಉಂಡಳೇ, ಮಲಗಿದಳೇ ಎಂದು ಕೇಳಲು ಫೋನು ಎತ್ತಿ ಇಟ್ಟೆ. ನನ್ನ ದನಿ ಕೇಳಿದರೆ ಅಳುತ್ತಾಳೆ, ಊಟ ಬಿಡುತ್ತಾಳೆ. ಈಗ ಕಾಗದ ಬರೆಯುವ ಪಾಳಿ ನನ್ನದು.

ಅವ್ವ ಉಡಿ ತುಂಬುತ್ತಾಳೋ ಇಲ್ಲವೋ ಎಂದು ನೀವು ಹೊರಗೆ ಗಾಡಿಯ ಹತ್ತಿರವೇ ನಿಂತಿರಿ. ತುಂಬಿದಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಾಕಿದಳು. ಪದಕವನ್ನು ಅವ್ವನೇ ಕಟ್ಟಿದಳು. "ನೀ ಇನ್ನ ಈ ಮನಿ ಮಗಳು. ಪಂಚಮಿಗೆ ತವರಿಗೆ ಬರಬೇಕು, ಕರಿಯಾಕ ಬರಲಿಲ್ಲ ಅಂತ ಕುಂಡ್ರಬ್ಯಾಡ" ಎಂದಳು. ಪ್ರಿಯಾಂಕಾ ಅವ್ವನ ಕಾಲಿಗೆ ಬಿದ್ದು ಏಳಲೇ ಇಲ್ಲ, ನಾನೇ ರಟ್ಟೆ ಹಿಡಿದು ಎಬ್ಬಿಸಿದೆ. ನಿಮ್ಮ ಮೇಲಿನ ಸಿಟ್ಟು ಇನ್ನೂ ಇದೆ. ಅವಳ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ಅವಳನ್ನು ಅಕ್ಕಾ ಎಂದೇ ಕರೆದೆ.

ನಾನು ಮತ್ತೆ ಬಟ್ಟೆ ಹಿಡಿದಿದ್ದೇನೆ. ಶಾಲೆ ಶುರುವಾಗುವ ಹೊತ್ತು, ಯೂನಿಫಾರ್ಮು ಬೇಕಾದಷ್ಟು ಬರುತ್ತವೆ. ನನ್ನ ಚಿಂತೆ ಮಾಡಬೇಡಿ. ಪಂಚಮಿಗೆ ಅವಳೂ ಮಗುವೂ ಬರಲಿ, ನೀವು ಇನ್ನೊಂದು ವರ್ಷ ಬರಬೇಡಿ.

ನಿಮಗೆ ಗೊತ್ತಿಲ್ಲದ ಒಂದು ವಿಷಯವಿದೆ, ಅದನ್ನು ಬರೆದು ಮುಗಿಸುತ್ತೇನೆ. ಅಕ್ಕ ಹೋದ ಹೊಸದರಲ್ಲಿ ಇಂಚರಾ ನಿದ್ದೆಗಣ್ಣಿನಲ್ಲಿ ನನ್ನ ಸೆರಗು ಹಿಡಿದು ಅವ್ವಾ ಎನ್ನುತ್ತಿದ್ದಳು. ಪ್ರತಿ ಸಲ ನಾನೇ ತಿದ್ದುತ್ತಿದ್ದೆ, "ಅವ್ವ ಅಲ್ಲ, ಚಿಗವ್ವ" ಎಂದು. ಅದು ಅಕ್ಕನ ಹೆಸರು, ನಾನು ಕದಿಯಬಾರದು ಎಂದು. ಆಮೇಲೆ ಆಮೇಲೆ, ಆ ಹೆಸರು ನನಗೆ ಸಲ್ಲುವ ದಿನ ತಾನಾಗಿಯೇ ಬರುತ್ತದೆ, ಅಲ್ಲಿಯವರೆಗೆ ತಡೆಯೋಣ ಎಂದು. ಮಗು ಕಲಿತುಕೊಂಡಿತು, ಮತ್ತೆಂದೂ ಅನ್ನಲಿಲ್ಲ.

ನೀವು ಬರುವ ಹಿಂದಿನ ದಿನ ತಲೆ ಬಾಚುತ್ತ ಹೇಳಿದೆ, "ಗದಗಿನ್ಯಾಗ ಅವರಿಗೆ ಅವ್ವಾ ಅನ್ನಬೇಕು." ಇವಳು ಮುಖ ಮುಚ್ಚಿಕೊಂಡಳು. "ನಂಗ ಅನ್ನಾಕ ಬರೂದಿಲ್ಲ, ನಾಚಿಕಿ ಆಕ್ಕೈತಿ."

"ಈಗ ರೂಢಿ ಮಾಡ್ಕೊ."

"ಯಾರಿಗೆ ಅಂದು ರೂಢಿ ಮಾಡ್ಕೊಳ್ಳಲಿ?"

ನಾನು ಸಿಕ್ಕು ಬಿಡಿಸುತ್ತಿದ್ದೆ. ಅವಳೇ ಅರ್ಧ ಬಾಚಿದ ತಲೆಯಲ್ಲಿ ನನ್ನ ಕಡೆ ತಿರುಗಿದಳು. ಕಣ್ಣು ಮುಚ್ಚಿ, ಮೆಲ್ಲಗೆ, "ಅವ್ವಾ" ಎಂದಳು.

ನಾನು ಓ ಎಂದೆ.

ಕಣ್ಣು ತೆರೆದು ಕೇಳಿದಳು, "ಸರಿ ಆತು?"

ಸರಿಯಾಗಿಯೇ ಅಂದಿದ್ದಳು, ಮಾಮಾ. ಆದರೂ ನಾನು, "ಇಲ್ಲ, ಇನ್ನೊಮ್ಮೆ ಅನ್ನು" ಎಂದೆ.

ಶಾಂಭವಿ